ಮೇಷ್ಟ್ರು ಮನೆಯಲ್ಲಿ ಕೂತ ಎಂಟು ತಿಂಗಳು

ಅಳೋಣವೆಂದು ಕೂತಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ನಗೆಪಾಟಲು ನಡೆದೇ ತೀರುತ್ತಿತ್ತು. ಈಗ ಅರಸೀಕೆರೆ ಬಿಟ್ಟು ಭೋಪಾಲಿನ ಮಗಳ ಮನೆ ಸೇರಿದ್ದೇನೆ. ನಮ್ಮ ಮೇಷ್ಟ್ರು, ಅಂದರೆ ನನ್ನ ಯಜಮಾನರು, ಇಲ್ಲ. ಇಲ್ಲಿ ನನ್ನನ್ನು ‘ಕಣೇ’ ಅನ್ನುವವರು ಒಬ್ಬರೂ ಇಲ್ಲ. ಅದಕ್ಕೇ ಏನೋ, ತೊಂಬತ್ತರ ದಶಕದ ಆ ಎಂಟು ತಿಂಗಳು ಮತ್ತೆ ಮತ್ತೆ ನೆನಪಾಗುತ್ತವೆ.

೧

ಪರೀಕ್ಷೆಯಲ್ಲಿ ಚೀಟಿ ಇಟ್ಟು ಬರೆಯುತ್ತಿದ್ದವನನ್ನು ಇವರು ಹಿಡಿದರು. ಅವನು ಶಾಲೆಯ ಅಧ್ಯಕ್ಷರ ಮಗ. “ಚೀಟಿ ನೋಡಲೇ ಇಲ್ಲ ಅಂತ ಬರೆದುಕೊಡಿ, ಇಲ್ಲವೇ ಮನೆಯಲ್ಲಿರಿ” ಎಂದರು ಅಧ್ಯಕ್ಷರು. ಇವರು ಮನೆಗೆ ಬಂದು ಗ್ರೀಕ್ ಜ್ಞಾನಿಗಳ ಪುಸ್ತಕ ಹಿಡಿದು ಕೂತರು.

“ಕೆಲಸ ಅವರ ಕೈಲಿದೆ. ಸುಳ್ಳು ಬರೆಯದೇ ಇರೋದು ನನ್ನ ಕೈಲಿದೆ ಕಣೇ. ಕೈಲಿಲ್ಲದ್ದಕ್ಕೆ ಅಳಬಾರದು.”

ಇದನ್ನೇ ಅರ್ಧ ಗಂಟೆ ವಿವರಿಸಿದರು. ಅಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದಿತ್ತು. ಅವರು ಶಾಂತವಾಗಿ ಉಂಡರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ನಾನು ಗ್ರೀಸಿನವಳಲ್ಲ, ಹಾರನಹಳ್ಳಿಯವಳು.

೨

ಕೊಬ್ಬರಿ ಮಾರಲು ಬಂದಿದ್ದ ನಮ್ಮೂರಿನ ರೈತರೊಬ್ಬರು, ಸಮಾಧಾನ ಹೇಳಲು ಬಂದು ತಾವೇ ಅತ್ತರು.

“ಒಂದ್ ಗೆರೆ ಬರ್ಕೊಟ್ಟಿದ್ರೆ ಏನಾಗ್ತಿತ್ತು ಮೇಷ್ಟ್ರೇ? ಈಗ ಕೆಲ್ಸ ಹೋಯ್ತಲ್ಲ!”

“ಹೋಯ್ತು ಅನ್ನಬಾರದು. ಇಷ್ಟು ದಿನ ಇಟ್ಟುಕೊಂಡಿದ್ವಿ, ವಾಪಸ್ ಕೊಟ್ವಿ ಅನ್ನಬೇಕು.”

ರೈತರು ಕಣ್ಣೊರೆಸಿಕೊಂಡು, ಬಾಗಿಲಲ್ಲಿದ್ದ ಇವರ ಹೊಸ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

“ರೀ, ನಿಮ್ಮ ಚಪ್ಪಲಿ!” ಅಂದೆ.

“ವಾಪಸ್ ಕೊಟ್ಟೆ ಕಣೇ.”

ಮರುದಿನ ರೈತರೇ ಬಂದರು. “ನೀವಂದಿದ್ದು ನಿಜ ಮೇಷ್ಟ್ರೇ, ಯಾವ್ದೂ ನಮ್ದಲ್ಲ. ತಗಳಿ, ಬಲಗಾಲಿಂದು ಕಚ್ತೈತೆ.”

೩

ಎಂಟನೇ ತಿಂಗಳು ಅಧ್ಯಕ್ಷರು ಬದಲಾದರು. ಏನೂ ಬರೆದುಕೊಡುವುದು ಬೇಡ, ಕೆಲಸಕ್ಕೆ ಬನ್ನಿ ಎಂದು ಕಾಗದ ಬಂತು. ನಾನು ಅತ್ತೇಬಿಟ್ಟೆ. ಇವರು “ಬಂದರೂ ಒಂದೇ, ಬರದಿದ್ದರೂ ಒಂದೇ” ಎಂದು ಕಾಫಿ ಹೀರಿದರು.

“ನೀವು ಸುಳ್ಳು ಬರೆಯದೆಯೇ ಕೆಲಸ ಸಿಕ್ಕರೆ ಮಾಲೇಕಲ್ಲು ಬೆಟ್ಟದ ದೇವರಿಗೆ ಮುಡಿ ಕೊಡೋದು ಅಂತ ಹರಕೆ ಹೊತ್ತಿದ್ದೆ” ಅಂದೆ.

“ಕೊಡೋಣ. ಯಾರದು?”

“ನಿಮ್ಮದು.”

ಎಂಟು ತಿಂಗಳು ಕದಲದ ಮನುಷ್ಯ ಕುರ್ಚಿಯಿಂದ ಎಗರಿದರು. “ಯಾರನ್ನ ಕೇಳಿ ಹೊತ್ತೆ? ಇದು ನನ್ನ ತಲೆ ಕಣೇ!”

ಬೆಟ್ಟದ ಪ್ರತಿ ಮೆಟ್ಟಿಲಿಗೂ ನನಗೊಂದು ಬೈಗುಳ. ಆ ಬೈಗುಳ ಇನ್ನೊಮ್ಮೆ ಕೇಳುವಂತಿದ್ದರೆ ಈಗಿನ ಈ ಮಂಡಿಯಲ್ಲೂ ಹತ್ತಿಯೇನು. ಅಷ್ಟು ಬೈದರೂ, ದೇವರೆದುರು ಆಡಿದ ಹೆಂಡತಿಯ ಮಾತು ಸುಳ್ಳಾಗಬಾರದೆಂದು ಕ್ಷೌರಿಕನ ಮುಂದೆ ಕೂತರು.

ಮರುದಿನ ಆ ನುಣ್ಣನೆಯ ತಲೆ ಕಂಡ ತರಗತಿ, ಮನೆಯಲ್ಲಿ ಯಾರೋ ತೀರಿಕೊಂಡಿರಬೇಕೆಂದು ಎದ್ದು ನಿಂತು ಮೌನ ಆಚರಿಸಿತಂತೆ. ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಇವರಿಗೆ ಅಷ್ಟು ಸುಳ್ಳೂ ಆಗದು.

“ಯಾರೂ ಸತ್ತಿಲ್ಲ, ಕೂತ್ಕೊಳ್ರೋ. ಹೆಂಡತಿ ಬದುಕಿದ್ದಾಳೆ. ಇದು ಅವಳ ಕೆಲಸ!”