ಮಿಣುಕುವ ಝುಮಕಿ, ಬೆವರುವ ಗಂಡಂದಿರು

ಬ್ಯಾಟರಿಯಿಂದ ಬೆಳಗುವ ಒಡವೆ ಮಾಡಲು ಕೂತ ಮೇಲೆ ನನ್ನ ಬಾಳಿನಲ್ಲಿ ಸಪ್ಪಗೆ ಕಳೆದ ವಾರ ಅಂತ ಒಂದೂ ಇಲ್ಲ. ಏನಾದರೊಂದು ನಡೆದೇ ನಡೆಯುತ್ತದೆ. ಅದರ ಫೋನು ನಾನು ಊಟಕ್ಕೆ ಕೂತಾಗಲೇ ಬರುತ್ತದೆ.

ಗಂಗಾವತಿಯಲ್ಲಿ ನಮ್ಮ ಮನೆಯ ಮುಂದಿನ ಖೋಲಿಯೇ ನನ್ನ ಕಾರ್ಖಾನೆ. ಸಾಸಿವೆ ಕಾಳಿನಷ್ಟು ಬಲ್ಬು, ಕೂದಲೆಳೆಯಂಥ ತಂತಿ, ಕೈಗಡಿಯಾರದ ಗುಂಡು ಸೆಲ್ಲು, ಬೆಸುಗೆ ಹಾಕುವ ಕಡ್ಡಿ. ಇಷ್ಟನ್ನೇ ಇಟ್ಟುಕೊಂಡು ಝುಮಕಿ, ಬಳೆ, ಸರ, ಉಂಗುರ ಮಾಡುತ್ತೇನೆ. ಲಗ್ನ, ಹುಟ್ಟುಹಬ್ಬ, ದಸರೆಯ ಕೋಲಾಟ, ದೀಪಾವಳಿ, ಎಲ್ಲದಕ್ಕೂ ಒಯ್ಯುತ್ತಾರೆ. ನಮ್ಮ ಅತ್ತೆ ಮೊದಮೊದಲು "ಡಿಪ್ಲೊಮಾ ಓದಿ ಕಡೀಕ ಬಳಿಗಾರ್ತಿ ಆದಿ" ಅಂತಿದ್ದರು. ಈಗ ಅವರೇ ಓಣಿಯ ಹೆಂಗಸರಿಗೆ "ನಮ್ಮ ಸೊಸಿ ಇಂಜಿನೇರು" ಅನ್ನುತ್ತಾರೆ. ಎರಡೂ ಪೂರ್ತಿ ಖರೆ ಅಲ್ಲ.

೧. ಚಪ್ಪಾಳೆಯ ಬದಲು

ಕೊಪ್ಪಳದ ಒಂದು ಮಹಿಳಾ ಮಂಡಳಿಯವರು ವಾರ್ಷಿಕೋತ್ಸವಕ್ಕೆ ಎಲ್ಲರಿಗೂ ಒಂದೇ ನಮೂನೆಯ ಓಲೆ ಬೇಕೆಂದರು. ಸಪ್ಪಳ ಜೋರಾದರೆ ಬೆಳಗುವ ಓಲೆ ಮಾಡಿಕೊಟ್ಟೆ. ಹಾಡಿಗೆ, ಡೊಳ್ಳಿಗೆ ಮಿಣುಕಲಿ ಅನ್ನುವುದು ನನ್ನ ವಿಚಾರ. ಆದರೆ ಹಾಡಿಗಿಂತ ಮೊದಲು ಮುಖ್ಯ ಅತಿಥಿಗಳ ಭಾಷಣವಿತ್ತು.

ಅತಿಥಿಗಳು ಒಬ್ಬ ನಿವೃತ್ತ ಮಾಸ್ತರರು. ಮೆಲ್ಲಗೇ ಶುರುಮಾಡಿದರು. ನಡುವೆ "ಸ್ತ್ರೀಶಕ್ತಿ" ಅನ್ನುವ ಮಾತಿಗೆ ದನಿ ಏರಿತು. ಎದುರಿನ ಸಾಲುಗಳೆಲ್ಲ ಒಮ್ಮೆಲೇ ಝಗ್ ಅಂತ ಬೆಳಗಿದವು. ಮಾಸ್ತರರು ತಡೆದು ನೋಡಿದರು. ದನಿ ಇಳಿಸಿದರು, ದೀಪ ಆರಿದವು. ಏರಿಸಿದರು, ಮತ್ತೆ ಬೆಳಗಿದವು. ಜನ್ಮದಲ್ಲಿ ಅಷ್ಟು ಚುರುಕಾದ ಸಭೆ ಅವರಿಗೆ ಸಿಕ್ಕಿರಲಿಕ್ಕಿಲ್ಲ. ಅಲ್ಲಿಂದ ಮುಂದೆ ಪ್ರತಿ ವಾಕ್ಯವನ್ನೂ ಕೂಗಿಯೇ ಮುಗಿಸತೊಡಗಿದರು. ಅಡುಗೆಯವರು ಬಾಗಿಲಲ್ಲಿ ನಿಂತು, ಅನ್ನ ಆರುತ್ತಿದೆ ಅಂತ ಕೈಸನ್ನೆ ಮಾಡಿದರೂ ಲಕ್ಷ್ಯವಿಲ್ಲ.

ಕೊನೆಗೆ ಮಂಡಳಿಯ ಅಧ್ಯಕ್ಷೆ ಮೆಲ್ಲಗೆ ತಮ್ಮ ಓಲೆ ಬಿಚ್ಚಿ ಪರ್ಸಿಗೆ ಹಾಕಿಕೊಂಡರು. ಪಕ್ಕದವರು ನೋಡಿ ತಾವೂ ಬಿಚ್ಚಿದರು. ಸಾಲು ಸಾಲಾಗಿ ಎಲ್ಲ ಆರಿಹೋಯಿತು. ಮಾಸ್ತರರು ಮಾತು ನಿಲ್ಲಿಸಿ ಮೈಕಿನಲ್ಲೇ ಕೇಳಿದರು: "ಕರೆಂಟ್ ಹೋತೇನ್ರಿ? ಇರ್ಲಿ, ಬರೂತನಕ ನಾ ಮಾತಾಡ್ತಿರ್ತೇನಿ."

೨. ಎಮ್ಮೆಯ ಕೊರಳಪಟ್ಟಿ

ನವಲಿಯ ಭತ್ತದ ರೈತರೊಬ್ಬರು ದೀಪಾವಳಿಗೆಂದು ತಮ್ಮ ಎಮ್ಮೆಗೆ ದೀಪದ ಕೊರಳಪಟ್ಟಿ ಮಾಡಿಸಿದರು. ಹಬ್ಬದ ದಿನ ಎಮ್ಮೆಯ ಜೊತೆ ಮನೆಮಂದಿಯೆಲ್ಲ ಫೋಟೋ ತೆಗೆಸಿಕೊಂಡರು. ಹಬ್ಬ ಮುಗಿದರೂ ಅವರ ಹೆಂಡತಿ ಪಟ್ಟಿ ಬಿಚ್ಚಗೊಡಲಿಲ್ಲ. "ಲಕ್ಷಣ ಕಾಣ್ತೈತಿ, ಇರ್ಲಿ" ಅಂದರಂತೆ.

ಕೆಲವು ದಿನಕ್ಕೆ ರೈತರು ಮುಖ ಸಣ್ಣ ಮಾಡಿಕೊಂಡು ಬಂದರು.

"ಅಕ್ಕಾರ, ಆ ಪಟ್ಟಿಗೊಂದು ಸ್ವಿಚ್ಚು ಕೂಡಿಸಿ ಕೊಡ್ರಿ."

"ಯಾಕ್ರಿ, ದೀಪ ಕೆಟ್ಟಾವೇನು?"

"ದೀಪ ಛಲೋ ಅದಾವ್ರಿ. ಎಮ್ಮಿ ಸಂಜಿಮುಂದ ಹಗ್ಗ ಹರಕೊಂಡು ಮಂದಿ ಹೊಲಕ್ಕ ಹೋಗಿ ಮೇಯ್ತೈತಿ. ಮೊದಲಿಂದಾನೂ ಹೋಗ್ತಿತ್ತು. ಆದ್ರ ಆಗ ಯಾರ ಎಮ್ಮಿ ಅಂತ ಗೊತ್ತಾಗ್ತಿರ್ಲಿಲ್ಲ."

ನಾಳೆ ಮಾಡಿಕೊಡುತ್ತೇನೆ ಅಂದೆ. ಅವರು ಬಸ್ ನಿಲ್ದಾಣ ಮುಟ್ಟಿರಲಿಕ್ಕಿಲ್ಲ, ಅವರ ಬಾಜೂ ಹೊಲದವರ ಫೋನು ಬಂತು. "ಬಾಯಾರ, ಸ್ವಿಚ್ಚು ಗಿಚ್ಚು ಏನೂ ಕೂಡಸಬ್ಯಾಡ್ರಿ. ಬೇಕಾದ್ರ ಅವರ ಆಕಳಿಗೂ ಅಂಥಾದ್ದೊಂದು ಮಾಡಿ ಕಳಸ್ರಿ, ನನ್ನ ಖರ್ಚಿನಾಗ."

೩. ಹಸಿರು ಉಂಗುರ

ಯಲಬುರ್ಗಾದ ಕಿರಾಣಿ ಅಂಗಡಿಯ ಗಂಡ ಹೆಂಡತಿ ಒಂದು ದಿನ ಬಂದರು. ಹೆಂಡತಿ ಗಂಡನಿಗಾಗಿ ಒಂದು ಉಂಗುರ ಆರಿಸಿದಳು. ಬೆರಳು ಬೆವೆತರೆ ಅದು ಕೆಂಪು, ಒಣಗಿದ್ದರೆ ಹಸಿರು. ಅದಕ್ಕೆ ಗೊತ್ತಿರುವ ವಿದ್ಯೆ ಅಷ್ಟೇ.

"ಇದು ಯಾವಾಗ ಕೆಂಪಾಗ್ತೈತ್ರಿ?" ಅಂತ ಆಕೆ ಕೇಳಿದಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಸುಳ್ಳು ಹೇಳಿದ್ರ ಕೆಂಪಾಗ್ತೈತಿ ನೋಡ್ರಿ" ಅಂದುಬಿಟ್ಟೆ.

ಇಬ್ಬರೂ ನಗುತ್ತಾರೆ ಅಂದುಕೊಂಡಿದ್ದೆ. ಆಕೆ ನಗಲಿಲ್ಲ. ಗಂಡನಂತೂ ಮೊದಲೇ ನಗಲಿಲ್ಲ. ಆಕೆ ಅಲ್ಲೇ ಉಂಗುರ ಅವನ ಬೆರಳಿಗೆ ತೊಡಿಸಿ ಕೇಳಿದಳು, "ಮೊನ್ನಿ ಹುಬ್ಬಳ್ಳಿಗೆ ಮಾಲು ತರಾಕ ಹೋಗಿದ್ರಿ, ಹೌದಲ್ಲೊ?"

"ಹೌದು" ಅಂದ. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಉಂಗುರ ದಾಳಿಂಬೆ ಹೂವಿನ ಹಾಗೆ ಕೆಂಪಗಾಯಿತು.

"ಅದು ಬೆವರಿಗೆ ರೀ, ನಾ ನಗಸಾಕ ಚಾಷ್ಟಿ ಮಾಡಿದೆ" ಅಂತ ನಾನು ನಡುವೆ ಬಾಯಿ ಹಾಕಿದೆ.

"ಬೆವರು ಸುಮ್ಮಸುಮ್ಮನ ಬರೂದಿಲ್ರಿ" ಅಂದು ಆಕೆ ಉಂಗುರ ಖರೀದಿಸಿಯೇಬಿಟ್ಟಳು.

ಮರುದಿನ ಗಂಡ ಒಬ್ಬನೇ ಬಂದ. "ಅಕ್ಕಾರ, ಕೆಂಪು ಬಲ್ಬು ತಗದು ಎರಡೂ ಹಸರ ಹಾಕ್ರಿ. ಹುಬ್ಬಳ್ಯಾಗ ದೋಸ್ತರ ಕೂಡ ಒಂದು ಸಿನಿಮಾ ನೋಡೇನಿ ಅಷ್ಟ, ಮತ್ತೇನಿಲ್ಲ" ಅಂದ. ಅದನ್ನು ಹೇಳುವಾಗಲೂ ಉಂಗುರ ಕೆಂಪಗೇ ಇತ್ತು. ಹಚ್ಚಿದ ಬೆಂಕಿ ನನ್ನದೇ ಆದ್ದರಿಂದ ಸುಮ್ಮನೆ ಬಲ್ಬು ಬದಲಿಸಿಕೊಟ್ಟೆ.

ಮುಂದಿನ ತಿಂಗಳು ಹೆಂಡತಿ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದಳು. ಮುಖದ ತುಂಬ ಸಂತೋಷ. "ನಿಮ್ಮ ಉಂಗುರದಿಂದ ನಮ್ಮ ಮನಿಯವರ ಮನಸು ತಿಳೀತ್ರಿ. ಏನು ಹೇಳಿದ್ರೂ ಹಸರ. ಮೊನ್ನಿ 'ನಿಮ್ಮವ್ವ ನಮ್ಮ ಮನ್ಯಾಗ ಬಂದು ಇದ್ರ ನನಗ ಭಾಳ ಖುಷಿ' ಅಂದ್ರು. ಲಗೂನ ಬೆರಳು ನೋಡಿದೆ. ಹಸರ. ಪಾಪ, ಮನಸಿನಿಂದ ಹೇಳ್ಯಾರ ಅಂತ ಅವ್ವಗ ಹೇಳಿ ಕಳಿಸಿದೆ. ಗಂಟುಮೂಟಿ ಕಟಗೊಂಡು ಬಂದಾಳ್ರಿ. ಇನ್ನ ನಮ್ಮಲ್ಲೇ ಇರಾಕಿ."

೪. ಬಾಯಿ ಇಲ್ಲದ ಪದಕ

ಕುಷ್ಟಗಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಮಗಳ ಹುಟ್ಟುಹಬ್ಬಕ್ಕೆ ನಾನೊಂದು ಪದಕ ಮಾಡಿಕೊಟ್ಟಿದ್ದೆ. ಕಿವಿಗೆ ಸಿಕ್ಕಿಸುವ ಸಣ್ಣ ಚಿಮಟ ನಾಡಿ ಹಿಡಿಯುತ್ತದೆ, ಜಡೆಯೊಳಗೆ ಅಡಗಿದ ತಂತಿ ಅದನ್ನು ಪದಕಕ್ಕೆ ಮುಟ್ಟಿಸುತ್ತದೆ. ಎದೆ ಬಡಿದಂತೆ ಪದಕ ಮಿಣುಕುತ್ತದೆ. ಈ ಗುಟ್ಟು ನನಗೆ, ಆ ಹುಡುಗಿಗೆ ಇಬ್ಬರಿಗೇ ಗೊತ್ತಿತ್ತು.

ಹುಡುಗಿ ಬಂದ ಸಂಬಂಧಗಳನ್ನೆಲ್ಲ ಮುಖಕ್ಕೆ ಹೊಡೆದ ಹಾಗೆ ಒಲ್ಲೆ ಅನ್ನುತ್ತಿದ್ದಳು. ಹೀಗಾಗಿ ಮತ್ತೊಬ್ಬರು ನೋಡಲು ಬರುತ್ತಾರೆ ಅಂದಾಗ ಅಕ್ಕನಿಗೆ ಜೀವದಲ್ಲಿ ಜೀವವಿರಲಿಲ್ಲ. ಆ ದಿನ ನಾನೂ ಹೋಗಿದ್ದೆ. ನೋಡಿದರೆ ಹುಡುಗಿ ಅದೇ ಪದಕ ಹಾಕಿಕೊಂಡು ನಿಂತಿದ್ದಾಳೆ.

"ಇವತ್ತ ಯಾಕ ಇದು?" ಅಂತ ಕಿವಿಯಲ್ಲಿ ಕೇಳಿದೆ.

"ಬಾಯಿ ಬಿಟ್ಟು ಏನೂ ಹೇಳಬಾರದು ಅಂತ ಅವ್ವ ಆಣಿ ಹಾಕ್ಯಾಳ, ಚಿಗವ್ವ" ಅಂದಳು.

ಗಂಡಿನ ಫೋಟೋ ಮೊದಲೇ ಬಂದಿತ್ತು. ಆದರೆ ಅದರಲ್ಲಿ ಅವನು ಕರೀ ಕನ್ನಡಕ, ಟೊಪ್ಪಿಗೆ ಹಾಕಿಕೊಂಡು ಆನೆಗುಂದಿಯ ಬಂಡೆಯೊಂದರ ಮೇಲೆ ದೂರದಲ್ಲಿ ನಿಂತಿದ್ದ. ಬಂಡೆ ಚೆನ್ನಾಗಿ ಕಾಣುತ್ತಿತ್ತು. ಬಂದವರಲ್ಲಿ ಇಸ್ತ್ರಿ ಅಂಗಿಯವನೊಬ್ಬ ನಡುವೆ ಕೂತ. ಅವನೇ ಗಂಡು ಅಂತ ನಾವು ತಿಳಿದೆವು. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಹುಡುಗಿ ಚಹಾ ಕೊಟ್ಟಳು. ಪದಕ ತೂಕಡಿಸುವವರ ರೆಪ್ಪೆಯ ಹಾಗೆ ನಿಧಾನಕ್ಕೆ ಮಿಣುಕಿತು. ಈ ಸಂಬಂಧವೂ ಹೋಯಿತು ಅಂತ ನನಗೆ ತಿಳಿಯಿತು.

ಅಷ್ಟರಲ್ಲಿ, ಹೊರಗೆ ಕಾರಿನ ಟೈರು ಬದಲಿಸುತ್ತಿದ್ದ ಡ್ರೈವರು ಒಳಗೆ ಬಂದ. ಮೊಳಕೈತನಕ ಮಸಿ. ಕೈ ತೊಳೆಯಲು ನೀರು ಕೇಳಿದ. ಹುಡುಗಿಯೇ ತಂಬಿಗೆ ತಂದಳು. ಅವನು ಪದಕ ನೋಡಿ, "ಭಾರಿ ಐತ್ರಿ. ಸೆಲ್ಲು ಎಲ್ಲಿ ಇಟ್ಟೀರಿ ಇದಕ್ಕ?" ಅಂದ.

"ಜಡ್ಯಾಗ" ಅಂದಳು. ಪದಕ ಅಂಬುಲೆನ್ಸಿನ ದೀಪವಾಯಿತು.

ಗಂಡಿನ ಅಜ್ಜಿಯ ಕಣ್ಣು ಬಲು ಚುರುಕು. "ಯವ್ವಾ, ಆ ದೀಪ ಯಾಕ ಹಂಗ ಬಡಕೊಳ್ಳಾಕತ್ತೈತಿ?" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಏನೋ ಎಡವಟ್ಟಾಗಿದೆ ಅಂತ ಅರಿತ ಅಕ್ಕ, ಏನಾದರೂ ಸುಳ್ಳು ಹೇಳು ಅಂತ ಕಣ್ಣಲ್ಲೇ ಬೇಡಿಕೊಂಡಳು. ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ.

"ಎದಿ ಬಡದಂಗ ಮಿಣಕ್ತೈತ್ರಿ" ಅಂದೆ.

ಭಾವ ಗೋಡೆಯ ಕ್ಯಾಲೆಂಡರು ಓದತೊಡಗಿದರು. ಅಜ್ಜಿ ಇಸ್ತ್ರಿ ಅಂಗಿಯನ್ನು ನೋಡಿದರು, ಮಸಿ ಕೈ ನೋಡಿದರು, ಪದಕ ನೋಡಿದರು.

"ಅಲ್ಲ ಯವ್ವಾ, ಇವನ್ನ ಗಂಡು ಅಂತ ತಿಳಕೊಂಡಿದ್ರೇನು? ಇವ ನಮ್ಮ ಹಿರೇ ಮೊಮ್ಮಗ, ಮಕ್ಕಳೊಂದಿಗ. ಗಂಡು ಅಂದ್ರ ಆ ಮಸಿ ಮೆತ್ತಿಕೊಂಡು ನಿಂತಾನಲ್ಲ, ಅವ."

ಅಕ್ಕ ಅಲ್ಲೇ ಕುಸಿದು ಕೂತು ನಗತೊಡಗಿದಳು. ಸಂಬಂಧ ಗಟ್ಟಿಯಾಯಿತು. ಆಗ ಅಜ್ಜಿ ಪಕ್ಕದಲ್ಲಿದ್ದ ತಮ್ಮ ಯಜಮಾನರ ಕಡೆ ಕೈ ತೋರಿಸಿ, "ಅದನ್ನ ಒಂದೀಟು ಇವರಿಗೂ ಹಾಕವಾ. ಲಗ್ನ ಆದಾಗಿಂದ ನೋಡಾಕತ್ತೇನಿ, ನನ್ನ ಮ್ಯಾಲ ಪ್ರೀತಿ ಐತೋ ಇಲ್ಲೋ ತಿಳಿವಲ್ದು" ಅಂದರು.

ಅಜ್ಜ ಬ್ಯಾಡ ಬ್ಯಾಡ ಅಂದರೂ, ಹುಡುಗಿಯ ಜಡೆಯಿಂದ ತಂತಿ ಬಿಚ್ಚಿ ಪದಕ ಅವರ ಕೊರಳಿಗೆ, ಚಿಮಟ ಕಿವಿಗೆ ಹಾಕಿದೆವು. ಅಜ್ಜಿ ಎದುರಿಗೆ ಕೂತು ಸೆರಗು ಸರಿಮಾಡಿಕೊಂಡರು. ಪದಕ ಗೋಡೆ ಗಡಿಯಾರದ ಹಾಗೆ ನಡೆಯಿತು. ಅಜ್ಜಿ ಮುಗುಳ್ನಕ್ಕರು. ಅದೇ ನಡಿಗೆ. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಿಸಿ ಮಿರ್ಚಿ ಭಜಿಯ ತಾಟು ತಂದಳು. ಪದಕ ಕಣ್ಣಿಗೆ ಸಿಕ್ಕದಷ್ಟು ಜೋರಾಗಿ ಕುಣಿಯಿತು.

ಅಜ್ಜಿ ಎದ್ದು ಆ ತಾಟು ಇಸಿದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. "ಈಗ ನನ್ನ ಕಡೆ ನೋಡ್ರಿ" ಅಂದರು. ಅಜ್ಜ ನೋಡಿದರು. ಪದಕ ಕುಣಿಯುತ್ತಲೇ ಇತ್ತು.

ಅಜ್ಜಿ ನಮ್ಮ ಕಡೆ ತಿರುಗಿ ಸಮಾಧಾನದಿಂದ ಹೇಳಿದರು: "ಐತಿ ಬಿಡ್ರಿ, ಪ್ರೀತಿ ಐತಿ."