ಯಂತ್ರದ ಗಂಡನಿಗೆ ನನ್ನ ದನಿ

ಮನುಷ್ಯನಿಗೆ ನಾಚಿಕೆಯಾಗಬೇಕಾದರೆ ಸಾಮಾನ್ಯವಾಗಿ ಬೇರೆಯವರ ಬಾಯಿ ಬೇಕಾಗುತ್ತದೆ. ಯಾರಾದರೂ ಬೈಯಬೇಕು, ಇಲ್ಲವೇ ಯಾರಾದರೂ ನಗಬೇಕು. ನನ್ನ ವಿಷಯದಲ್ಲಿ ಆ ತಾಪತ್ರಯವೂ ಇರಲಿಲ್ಲ. ನನ್ನ ಮಾನವನ್ನು ನನ್ನದೇ ದನಿ, ನನ್ನದೇ ಮನೆಯ ಟೀವಿಯಿಂದ, ನಾನೇ ಕರೆದು ಕೂರಿಸಿದ್ದ ಜನರ ಮುಂದೆ ಹರಾಜು ಹಾಕಿತು. ಅದೂ ಭಾನುವಾರ ಮಧ್ಯಾಹ್ನ, ಎಲ್ಲರ ಕೈಯಲ್ಲೂ ನಾನೇ ತಂದುಕೊಟ್ಟ ಬೋಂಡಾ ಇರುವಾಗ. ಅವತ್ತಿನಿಂದ ನಾನು ನಮ್ಮ ಮರ್ಫಿ ಟೌನಿನ ಬೀದಿಯಲ್ಲಿ ಸ್ವಲ್ಪ ತಲೆ ತಗ್ಗಿಸಿಯೇ ಓಡಾಡುತ್ತಿದ್ದೇನೆ.

ನಾನು ಡಬ್ಬಿಂಗ್ ಮಾಡುವವನು. ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗಳಲ್ಲಿ ಬಾಯಿ ಆಡಿಸುವವರಿಗೆ ಕನ್ನಡದಲ್ಲಿ ಮಾತು ಕೊಡುವುದು ನನ್ನ ಕಸುಬು. ನೀವು ನನ್ನನ್ನು ನೋಡಿರಲಾರಿರಿ, ಆದರೆ ಕೇಳಿರುತ್ತೀರಿ. ಖಳನಾಯಕನ ಹಿಂದೆ ನಿಂತು "ಬಾಸ್, ಪೊಲೀಸರು ಬಂದ್ರು" ಎಂದು ಕೂಗುವವನು ನಾನೇ. ಮಾತಾಡುವ ಆಮೆ ನಾನೇ. ರಾಕ್ಷಸ ಪ್ರಾಣಿಯ ಬಾಯಿಗೆ ಎಲ್ಲರಿಗಿಂತ ಮೊದಲು ಸಿಕ್ಕಿಬೀಳುವ ವಿಜ್ಞಾನಿಯೂ ನಾನೇ. ಒಮ್ಮೆ ಹಲಸೂರು ಮಾರ್ಕೆಟ್ಟಿನಲ್ಲಿ ಬೀನ್ಸ್ ಬೆಲೆ ಕೇಳುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬರು ತಟ್ಟನೆ ತಿರುಗಿ, "ನೀವು ಆ ಆಮೆ ಅಲ್ವಾ?" ಎಂದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, "ಅದಕ್ಕೆ ದನಿ ಯಾಕೆ ಬೇಕಿತ್ತು? ಬೀನ್ಸ್ ತರೋಕೆ ನೀವು ತಗೊಂಡ ಹೊತ್ತು ನೋಡಿದ್ರೇ ಗೊತ್ತಾಗುತ್ತೆ" ಎಂದು ಸೋಸುವುದಕ್ಕೆ ಕೂತಳು. ನಾಯಕನ ಪಾತ್ರ ಮಾತ್ರ ನನಗೆ ಸಿಕ್ಕಿದ್ದೇ ಇಲ್ಲ. "ನಿಮ್ ವಾಯ್ಸಲ್ಲಿ ಹೀರೋ ಇಲ್ಲ ಸಾರ್, ಗಂಡ ಇದಾನೆ" ಎನ್ನುತ್ತಾನೆ ಸಲೀಂ. ಅವನು ದೊಮ್ಮಲೂರಿನ ನಮ್ಮ ಸ್ಟುಡಿಯೋದ ಸೌಂಡ್ ಇಂಜಿನಿಯರು, ಫ್ರೇಜರ್ ಟೌನಿನವನು, ಬಿರಿಯಾನಿಯ ಬಗ್ಗೆಯಾಗಲಿ ದನಿಯ ಬಗ್ಗೆಯಾಗಲಿ ಸುಳ್ಳು ಹೇಳುವವನಲ್ಲ.

ಈ ಕಸುಬಿನಲ್ಲಿ ಒಂದು ರೋಗವಿದೆ. ಡಬ್ಬಿಂಗ್ ಮಾಡುವವನು ಎದುರಿನ ಪರದೆಯ ಮೇಲಿನ ತುಟಿಯನ್ನು ನೋಡಬೇಕೇ ಹೊರತು ಅರ್ಥವನ್ನಲ್ಲ. ತುಟಿ ಎಲ್ಲಿ ಮುಚ್ಚಿತು, ಎಲ್ಲಿ ತೆರೆಯಿತು, ಎಲ್ಲಿ ನಿಂತಿತು, ಆ ಸಂದಿಯಲ್ಲಿ ನಮ್ಮ ಮಾತು ಕೂರಬೇಕು. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ನನಗೆ ಯಾರು ಮಾತಾಡಿದರೂ ಬರೀ ತುಟಿ ಕಾಣಿಸುತ್ತದೆ. ನನ್ನ ಹೆಂಡತಿ ಜಯಂತಿ ಮಾತಾಡುವಾಗಲೂ ಅಷ್ಟೇ. ಅವಳ ತುಟಿ ಎಲ್ಲಿ ಒಂದು ಕ್ಷಣ ನಿಲ್ಲುತ್ತದೋ ಸರಿಯಾಗಿ ಅಲ್ಲಿಗೆ ನಾನು "ಹೂಂ" ಎನ್ನುತ್ತೇನೆ. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗುವುದಿಲ್ಲ. ಎಷ್ಟು ಅಚ್ಚುಕಟ್ಟಾಗಿ ಎಂದರೆ, ನಾನು ಒಂದಕ್ಷರವನ್ನೂ ಕೇಳಿಸಿಕೊಂಡಿಲ್ಲ ಎಂಬ ಅನುಮಾನ ಅವಳಿಗೆ ಬಂದಿಲ್ಲವೆಂದೇ ನಾನು ತಿಳಿದಿದ್ದೆ. ಜಯಂತಿ ಹಲಸೂರಿನ ಒಂದು ಶಾಲೆಯಲ್ಲಿ ಪೀಟಿ ಟೀಚರ್. ಅವಳು ಒಂದು ಸಲ ಸೀಟಿ ಊದಿದರೆ ಮೈದಾನದ ಮಕ್ಕಳೆಲ್ಲ ಇದ್ದಲ್ಲೇ ನಿಲ್ಲುತ್ತಾರೆ. ಮನೆಗೆ ಬರುವಾಗ ಸೀಟಿಯನ್ನು ಶಾಲೆಯ ಬೀರುವಿನಲ್ಲೇ ಇಟ್ಟು ಬರುತ್ತಾಳೆ. ಅದನ್ನು ತಂದಿದ್ದರೆ ನಮ್ಮ ಸಂಸಾರ ಇನ್ನೂ ಚೆನ್ನಾಗಿ ನಡೆಯುತ್ತಿತ್ತೋ ಏನೋ.

ಹೀಗಿರುವಾಗ ಸಲೀಂ ಫೋನ್ ಮಾಡಿ, ಒಂದು ವಿದೇಶಿ ಧಾರಾವಾಹಿಯ ಒಂದು ಕಂತಿನಲ್ಲಿ ನನಗೆ ದೊಡ್ಡ ಪಾತ್ರವಿದೆ ಎಂದ. ವೈಜ್ಞಾನಿಕ ಕಥೆಯಂತೆ. ನಮ್ಮಲ್ಲಿ ಕಥೆ ಯಾರಿಗೂ ಗೊತ್ತಿರುವುದಿಲ್ಲ. ಒಬ್ಬೊಬ್ಬರೇ ಹೋಗಿ ಗಾಜಿನ ಕೋಣೆಯಲ್ಲಿ ನಿಂತು ತಮ್ಮ ತಮ್ಮ ತುಂಡು ಮಾತುಗಳನ್ನು ಆಡಿ ಬರುವುದು. ನನ್ನ ಹಾಳೆಯಲ್ಲಿ ಎರಡು ಪಾತ್ರಗಳಿದ್ದವು: ಗಂಡ-ಒಂದು, ಗಂಡ-ಎರಡು. ಪರದೆಯ ಮೇಲೆ ಇಬ್ಬರದೂ ಒಂದೇ ಮುಖ. ಡಬಲ್ ರೋಲ್! ಗಂಡ-ಒಂದು ಸೋಫಾದಲ್ಲಿ ಕೂತು ಫೋನ್ ನೋಡುತ್ತಾ "ಹೂಂ", "ಸರಿ", "ನೋಡೋಣ" ಎನ್ನುವವನು. ಇದನ್ನೆಲ್ಲ ನಾನು ಒಂದೇ ಟೇಕಿನಲ್ಲಿ ಮುಗಿಸಿದೆ. ಸಲೀಂ ಗಾಜಿನ ಆಚೆಯಿಂದ, "ವಾಹ್ ಸಾರ್, ಏನ್ ನ್ಯಾಚುರಲ್!" ಎಂದ. ತೊಂದರೆ ಬಂದದ್ದು ಗಂಡ-ಎರಡರಿಂದ. ಅವನು ಹೆಂಡತಿಯ ಹತ್ತಿರ ಹೋಗಿ, "ಬೆಳಿಗ್ಗೆ ಬಸ್ಸಲ್ಲಿ ಕೊಡೆ ಬಿಟ್ಟು ಬಂದೆ ಅಂದಿದ್ದೆಯಲ್ಲ, ಸಿಕ್ಕಿತಾ?" ಎಂದು ಕೇಳಬೇಕು. ಇಷ್ಟೇ ಮಾತು. ಎಷ್ಟು ಸಲ ಹೇಳಿದರೂ ಸಲೀಂ ತಲೆ ಅಲ್ಲಾಡಿಸುತ್ತಿದ್ದ.

"ತುಟಿ ಕರೆಕ್ಟಾಗಿ ಕೂತಿದೆ ಸಾರ್, ಫೀಲ್ ಬರ್ತಿಲ್ಲ. ಮನೇಲಿ ಭಾಬೀನ ಹೆಂಗ್ ಕೇಳ್ತೀರೋ ಹಂಗೇ ಕೇಳಿ, ಸಾಕು" ಎಂದ.

ಮನೆಯಲ್ಲಿ ಹೇಗೆ ಕೇಳುತ್ತೇನೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಏನೂ ನೆನಪಾಗಲಿಲ್ಲ. ಹಾಗೇ ಇನ್ನೊಂದು ಸಲ ಹೇಳಿದೆ. ಸಲೀಂ ಹೆಡ್‌ಫೋನ್ ತೆಗೆದಿಟ್ಟು, "ಇರ್ಲಿ ಬಿಡಿ. ಈ ಗಂಡ-ಎರಡು ಸ್ವಲ್ಪ ಒಣಗಿದಂಗೇ ಇರ್ಬೇಕಂತೆ" ಎಂದು ಓಕೆ ಮಾಡಿದ.

ನನಗೆ ಅದು ಯಾವುದೂ ತಲೆಗೆ ಹೋಗಲಿಲ್ಲ. ಡಬಲ್ ರೋಲ್ ಎನ್ನುವುದೊಂದೇ ತಲೆಯಲ್ಲಿತ್ತು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಭಾನುವಾರ ಮಧ್ಯಾಹ್ನ ಪ್ರಸಾರವೆಂದು ಗೊತ್ತಾದಾಗ ಎದುರು ಮನೆಯ ಸೆಲ್ವಿ ಅಕ್ಕನನ್ನೂ, ಅವರ ಮನೆಯವರನ್ನೂ, ಕೆಳಗಿನ ಮನೆಯವರನ್ನೂ ಕರೆದೆ. ಕುರ್ಚಿ ಸಾಲದೆ ಚಾಪೆ ಹಾಸಿದೆವು. ಜಯಂತಿ ಸೆಲ್ವಿ ಅಕ್ಕನ ಪಕ್ಕದಲ್ಲಿ ಕೂತಳು. ನಾನು ಎಲ್ಲರಿಗೂ ಕಾಣುವಂತೆ ಟೀವಿಯ ಪಕ್ಕದಲ್ಲೇ ಕೂತೆ, ನನ್ನ ದನಿ ಬಂದಾಗ ಜನ ನನ್ನ ಮುಖವನ್ನೂ ನೋಡಲಿ ಎಂದು. ಆ ಜಾಗವನ್ನು ನೆನೆಸಿಕೊಂಡರೆ ಈಗಲೂ ಮೈ ಬಿಸಿಯಾಗುತ್ತದೆ.

ಕಥೆ ನನಗೂ ಆಗಲೇ ತಿಳಿದದ್ದು. ಒಂದು ಊರು. ಅಲ್ಲಿ ಮನುಷ್ಯರ ಜಾಗಕ್ಕೆ ಒಬ್ಬೊಬ್ಬರಂತೆ ಯಂತ್ರಮಾನವರು ಬರುತ್ತಿದ್ದಾರೆ. ಥೇಟ್ ಅದೇ ಮುಖ, ಅದೇ ನಡಿಗೆ. ಕಿವಿಯ ಹಿಂದೆ ಮಾತ್ರ ಚರ್ಮದ ಕೆಳಗೆ ಒಂದು ಸಣ್ಣ ಗುಂಡಿ. ಯುದ್ಧವಿಲ್ಲ, ಬಂದೂಕಿಲ್ಲ. ಮನುಕುಲ ಹೇಗೆ ಮುಗಿದುಹೋಗುತ್ತದೆ ಎಂದರೆ, ಯಾರೂ ದೂರು ಕೊಡುವುದೇ ಇಲ್ಲ. ಆ ಊರಿನ ಒಬ್ಬ ಹೆಂಗಸಿನ ಗಂಡನೂ ಒಂದು ದಿನ ಬದಲಾಗುತ್ತಾನೆ. ಅವಳಿಗೆ ಗೊತ್ತಾಗುವುದಿಲ್ಲ. ಒಂದು ಸಂಜೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ದನಿಯಲ್ಲಿ, "ಬೆಳಿಗ್ಗೆ ಬಸ್ಸಲ್ಲಿ ಕೊಡೆ ಬಿಟ್ಟು ಬಂದೆ ಅಂದಿದ್ದೆಯಲ್ಲ, ಸಿಕ್ಕಿತಾ?" ಎಂದು ಕೇಳುತ್ತಾನೆ. ಆ ಹೆಂಗಸಿನ ಕೈಯಿಂದ ತಟ್ಟೆ ಜಾರಿ ಬೀಳುತ್ತದೆ. ಅವಳು ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡು, "ನೀನು ನನ್ನ ಗಂಡ ಅಲ್ಲ! ನನ್ನ ಗಂಡನಿಗೆ ಇದು ನೆನಪಿರೋಕೆ ಸಾಧ್ಯವೇ ಇಲ್ಲ!" ಎಂದು ಚೀರುತ್ತಾಳೆ.

ನಮ್ಮ ಹಾಲಿನಲ್ಲಿ ಒಂದು ಕ್ಷಣ ಬೋಂಡಾ ಅಗಿಯುವ ಸದ್ದೂ ನಿಂತಿತು. ಆಮೇಲೆ ಎಲ್ಲರೂ ಟೀವಿ ಬಿಟ್ಟು, ಅದರ ಪಕ್ಕದಲ್ಲಿ ಕೂತಿದ್ದ ನನ್ನನ್ನು ನೋಡಿದರು. ಮೊದಲು ನಕ್ಕವರು ಸೆಲ್ವಿ ಅಕ್ಕ. "ಜಯಂತಿ, ನೀನೇನೂ ಭಯ ಪಡ್ಬೇಡಮ್ಮಾ. ನಿಮ್ಮವ್ರು ಒರಿಜಿನಲ್ಲೇ, ಗ್ಯಾರಂಟಿ!" ಎಂದರು. ಹಾಲಿಗೆ ಹಾಲೇ ನಕ್ಕಿತು. ಜಯಂತಿಯೂ ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಗುವವನಂತೆ ಹಲ್ಲು ತೋರಿಸಿದೆ. ಟೀವಿಯಲ್ಲಿ ಆ ಹೆಂಗಸು ಗಂಡನ ಕಿವಿಯ ಹಿಂದೆ ಬೆರಳಿಟ್ಟು, ಗುಂಡಿಯನ್ನು ಮುಟ್ಟಿ, ಒತ್ತುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ ಕೈ ಇಳಿಸಿ, "ಸಿಕ್ಕಿತು" ಎಂದಳು. ಅಲ್ಲಿಗೆ ಕಂತು ಮುಗಿಯಿತು. "ಅವಳು ಮಾಡಿದ್ದೇ ಸರಿ" ಎಂದು ಕೆಳಗಿನ ಮನೆಯವರು ತೀರ್ಪು ಕೊಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಹೊರಡುವಾಗ ಸೆಲ್ವಿ ಅಕ್ಕ ನನ್ನ ಕಡೆ ತಿರುಗಿ, "ಶನಿವಾರ ಫಂಕ್ಷನ್ನಿಗೆ ಒಟ್ಟಿಗೇ ಆಟೋ ಮಾಡ್ಕೊಂಡು ಹೋಗೋಣ್ವಾ?" ಎಂದರು.

"ಯಾವ ಫಂಕ್ಷನ್ನು?" ಎಂದೆ ನಾನು.

ಈ ಸಲ ಯಾರೂ ನಗಲಿಲ್ಲ. ಸೆಲ್ವಿ ಅಕ್ಕ ಚಪ್ಪಲಿ ಹುಡುಕುವವರಂತೆ ಬಗ್ಗಿದರು. ಎಲ್ಲರೂ ಹೋದ ಮೇಲೆ ಜಯಂತಿ ಚಾಪೆ ಸುತ್ತುತ್ತಾ ಹೇಳಿದಳು, ದನಿ ಏರಿಸದೆ: "ನಾನು ರಿಟೈರ್ ಆಗ್ತಿದೀನಲ್ಲ, ಶನಿವಾರ ಸ್ಕೂಲಲ್ಲಿ ಬೀಳ್ಕೊಡುಗೆ ಇಟ್ಕೊಂಡಿದಾರೆ. ಹೇಳಿದ್ದೆ. ಹೂಂ ಅಂದಿದ್ರಿ."

ನಿವೃತ್ತಿ ಹತ್ತಿರವಿದೆ ಎಂದು ಗೊತ್ತಿತ್ತು. ಆದರೆ ಅದು ಯಾವತ್ತೋ ಮುಂದೆ ಎಲ್ಲೋ ಇದೆ ಎಂದುಕೊಂಡಿದ್ದೆ. ಬೀಳ್ಕೊಡುಗೆಗಳು ಹೇಗಿರುತ್ತವೆ ಎಂದು ನಿಮಗೂ ಗೊತ್ತು. ವೇದಿಕೆಯ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ಜೋಡಿ ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಶಾಲು ಹೊದೆಸಿ, ಪೇಟ ತೊಡಿಸಿ ಫೋಟೋ ತೆಗೆಯುತ್ತಾರೆ. ನಾನು ಏನಾದರೂ ಹೇಳಬೇಕೆಂದು, "ಇಬ್ಬರಿಗೂ ಪೇಟ ಇರುತ್ತಾ?" ಎಂದು ಕೇಳಿದೆ.

"ನಿಮಗೆ ಇಲ್ಲ" ಎಂದಳು. "ಹೆಡ್‌ಮಿಸ್ ಕೇಳಿದ್ರು, ಸ್ಟೇಜ್ ಮೇಲೆ ಎರಡು ಕುರ್ಚಿ ಹಾಕಿಸ್ಲಾ ಅಂತ. ನಿಮ್ಮನ್ನ ಕೇಳಿದೆ, ಬರ್ತೀರಾ ಅಂತ. ಹೂಂ ಅಂದ್ರಿ. ನಿಮ್ಮ ಹೂಂ ನನಗೆ ಗೊತ್ತಿಲ್ವಾ? ಅದಕ್ಕೇ ಇನ್ನೊಂದು ಸಲ ಕೇಳಿದೆ, ಹಾಗಾದ್ರೆ ಒಂದೇ ಕುರ್ಚಿ ಸಾಕಾ ಅಂತ. ಅದಕ್ಕೂ ಹೂಂ ಅಂದ್ರಿ."

ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಚಾಪೆಯನ್ನು ಮೂಲೆಗೆ ಒರಗಿಸಿ, ಉಳಿದ ಬೋಂಡಾವನ್ನು ಡಬ್ಬಿಗೆ ಹಾಕಿದಳು. ನನಗೆ ಆಗ ನಿಜವಾಗಿಯೂ ನಾಚಿಕೆಯಾಯಿತು. ಬೆಳಿಗ್ಗೆಯಿಂದ ಡಬಲ್ ರೋಲ್ ಡಬಲ್ ರೋಲ್ ಎಂದು ಮೆರೆದವನಿಗೆ ಸ್ವಂತ ಹೆಂಡತಿಯ ಪಕ್ಕದಲ್ಲಿ ಒಂದು ಕುರ್ಚಿ ಇರಲಿಲ್ಲ.

ಮರುದಿನ ಸಲೀಂಗೆ ಫೋನ್ ಮಾಡಿ ಶನಿವಾರ ಸ್ಟುಡಿಯೋಗೆ ಬರಲಾಗುವುದಿಲ್ಲ, ಹೆಂಡತಿಯ ಫಂಕ್ಷನ್ನಿದೆ ಎಂದೆ. "ಕ್ಯಾ ಸಾರ್, ಗಂಡ-ಎರಡು ಆಗ್ಬಿಟ್ರಾ?" ಎಂದ. ಅವನೂ ಆ ಕಂತನ್ನು ಮನೆಮಂದಿಯ ಜೊತೆ ನೋಡಿದ್ದನಂತೆ. ಅವನ ಮನೆಯಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೆಡ್‌ಮಿಸ್‌ಗೆ ಫೋನ್ ಮಾಡಿ "ನನಗೂ ಒಂದು ಕುರ್ಚಿ ಹಾಕಿಸಿ" ಎಂದು ಕೇಳೋಣವೆನ್ನಿಸಿತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡನ ಕುರ್ಚಿಗೆ ಅರ್ಜಿ ಹಾಕುವುದು ಹೇಗೆ? ಜಯಂತಿಯೇ, "ಈಗ ಅದೆಲ್ಲ ಬೇಡ ಬಿಡಿ. ಮುಂದಿನ ಸಾಲಲ್ಲಿ ಕೂತ್ಕೊಳ್ಳಿ" ಎಂದಳು.

ಶನಿವಾರ ಮುಂದಿನ ಸಾಲಿನಲ್ಲಿ ಕೂತೆ. ವೇದಿಕೆಯ ನಡುವೆ ಎತ್ತರದ ಬೆನ್ನಿನ ಒಂದೇ ಒಂದು ಕುರ್ಚಿ. ಅದರಲ್ಲಿ ಜಯಂತಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಕವಾಯಿತಿಗೆ ನಿಂತವಳಂತೆ ಕೂತಿದ್ದಳು. ಹೆಡ್‌ಮಿಸ್ ನನ್ನನ್ನು ಕಂಡು ಮೈಕಿನಲ್ಲೇ, "ಅಯ್ಯೋ, ಸಾರ್ ಬಂದಿದಾರೆ! ನಿಮಗೆ ಅರ್ಜೆಂಟ್ ರೆಕಾರ್ಡಿಂಗ್ ಇದೆ, ತಪ್ಪಿಸಿಕೊಳ್ಳೋ ಹಾಗೇ ಇಲ್ಲ ಅಂತ ಮೇಡಂ ತುಂಬಾ ಬೇಜಾರು ಮಾಡ್ಕೊಂಡಿದ್ರಲ್ಲ" ಎಂದರು. ಎಂದರೆ ನಾನು ಬರುವುದಿಲ್ಲವೆಂದು ಲೆಕ್ಕ ಹಾಕಿದ್ದಲ್ಲದೆ, ನನ್ನ ಮರ್ಯಾದೆ ಉಳಿಸಲು ಒಂದು ಸುಳ್ಳನ್ನೂ ಅವಳೇ ಹೊಂದಿಸಿಟ್ಟಿದ್ದಳು. ಜಯಂತಿ ವೇದಿಕೆಯ ಮೇಲಿನ ಹೂಕುಂಡವನ್ನು ನೋಡುತ್ತಿದ್ದಳು. ನನ್ನನ್ನು ಮೇಲೆ ಕರೆದರು. ಕುರ್ಚಿಗಾಗಿ ಗಡಿಬಿಡಿಯಾಯಿತು. ದೊಡ್ಡ ಕುರ್ಚಿಗಳೆಲ್ಲ ಅತಿಥಿಗಳ ಕೆಳಗೆ ಹೋಗಿದ್ದವು. ಕೊನೆಗೆ ಪಕ್ಕದ ಒಂದನೇ ಕ್ಲಾಸಿನಿಂದ ಮಕ್ಕಳ ಹಳದಿ ಪ್ಲಾಸ್ಟಿಕ್ ಕುರ್ಚಿಯೊಂದು ಬಂತು. ನಾನು ಅದರಲ್ಲಿ ಮೊಣಕಾಲು ಗದ್ದಕ್ಕೆ ತಗುಲಿಸಿಕೊಂಡು, ಹೆಂಡತಿಯ ಮೊಣಕೈ ಎತ್ತರಕ್ಕೆ ಕೂತೆ. ಪೇಟ ಒಂದೇ ಇತ್ತು, ಅದು ಅವಳ ತಲೆಯ ಮೇಲಿತ್ತು. ಫೋಟೋದಲ್ಲಿ ನಾನು, ತಪ್ಪು ಮಾಡಿದ್ದಕ್ಕೆ ಮೇಡಂ ಪಕ್ಕದಲ್ಲಿ ಕೂರಿಸಿಕೊಂಡ ಹುಡುಗನ ಹಾಗೆ ಇದ್ದೇನೆ.

ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಅವಳ ಮಗಳೇ ಆ ಶಾಲೆಗೆ ಬರುತ್ತಾಳಂತೆ, ಮೈಕು ಹಿಡಿದು, "ಮೇಡಂಗೆ ನಾವು ಇವತ್ತು ಏನಾದ್ರೂ ಹೇಳಿದ್ರೆ ನಾಳೆ ಕೇಳೋರು. ಅಜ್ಜಿಗೆ ಜ್ವರ ಬಿಡ್ತಾ, ಶೂ ಹೊಲಿಸಿದ್ಯಾ ಅಂತ. ಮನೇಲಿ ಯಾರೂ ಹಂಗೆ ಕೇಳ್ತಿರ್ಲಿಲ್ಲ" ಎಂದು ಕಣ್ಣೊರೆಸಿಕೊಂಡಳು. ಆ ಪುಟ್ಟ ಕುರ್ಚಿಯಿಂದ ನಾನು ಜಯಂತಿಯ ಮುಖ ನೋಡಿದೆ. ಅವಳ ತುಟಿ ಸ್ವಲ್ಪ ನಡುಗುತ್ತಿತ್ತು. ಇಷ್ಟು ವರ್ಷ ತುಟಿಯನ್ನೇ ನೋಡಿಕೊಂಡು ಬಂದವನಿಗೆ ಅದು ಯಾತಕ್ಕೆ ನಡುಗುತ್ತಿದೆ ಎಂದು ಅರ್ಥವಾದದ್ದು ಅದೇ ಮೊದಲು. ನಂತರ ನನಗೂ ಎರಡು ಮಾತಾಡಲು ಹೇಳಿದರು. ಮಾತನ್ನೇ ಮಾರಿ ತಿನ್ನುವ ನನಗೆ "ಎಲ್ಲರಿಗೂ ನಮಸ್ಕಾರ" ಬಿಟ್ಟು ಬೇರೇನೂ ಹೊರಡಲಿಲ್ಲ.

ಸಂಜೆ ಮನೆಗೆ ಬಂದೆವು. ಜಯಂತಿ ಹಾರ, ಶಾಲುಗಳನ್ನು ಕುರ್ಚಿಯ ಮೇಲಿಟ್ಟು ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟಳು. ಇನ್ನು ಮೇಲಾದರೂ ಮನುಷ್ಯನಾಗಬೇಕು, ಅಂದರೆ ಆ ಯಂತ್ರದ ಹಾಗಾಗಬೇಕು ಎಂದು ನಾನು ತೀರ್ಮಾನಿಸಿದ್ದೆ. ಬೆಳಿಗ್ಗೆ ಅವಳು ಹೊರಡುವಾಗ ಏನೋ ನೋವು ಎಂದಿದ್ದಳು. ಈ ಸಲ ತುಟಿ ನೋಡದೆ, ಕಿವಿಗೊಟ್ಟು ಕೇಳಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಲೀಂ ಬೇಡಿಕೊಂಡಿದ್ದ ಆ ಫೀಲನ್ನೆಲ್ಲ ತುಂಬಿ ಕೇಳಿದೆ: "ಬೆಳಿಗ್ಗೆ ಮೊಣಕಾಲು ನೋಯ್ತಿದೆ ಅಂದಿದ್ದೆಯಲ್ಲ, ಈಗ ಹೇಗಿದೆ?"

ಜಯಂತಿ ಗ್ಯಾಸ್ ಸಣ್ಣ ಮಾಡಿದಳು. ತಿರುಗಿ ನನ್ನನ್ನು ದಿಟ್ಟಿಸಿ ನೋಡಿದಳು. ಹತ್ತಿರ ಬಂದು, ಒದ್ದೆ ಕೈಯನ್ನು ನನ್ನ ಕಿವಿಯ ಹಿಂದೆ ಇಟ್ಟು ಬೆರಳಿನಿಂದ ಅಲ್ಲಿ ಇಲ್ಲಿ ಒತ್ತಿ ನೋಡಿದಳು.

"ನೋಯ್ತಿದ್ದಿದ್ದು ಮೊಣಕಾಲಲ್ಲ ರೀ, ಭುಜ" ಎಂದಳು. "ಸದ್ಯ, ನೀವೇ!"

ನಾನು ಅಸಲಿ ಮನುಷ್ಯನೇ ಎಂಬುದು ಹೀಗೆ ನಮ್ಮ ಮನೆಯಲ್ಲಿ ಎರಡನೆಯ ಸಲ ಸಾಬೀತಾಯಿತು. ಸೆಲ್ವಿ ಅಕ್ಕನಿಗೆ ಇನ್ನೂ ಹೇಳಿಲ್ಲ.