ಭಾವನ ಎರಡನೇ ದಾರಿ

ನಮ್ಮ ಭಾವನಿಗೆ ಇಬ್ಬರು ಹೆಂಡತಿಯರಿಲ್ಲ. ಅದೊಂದು ವಿಷಯದಲ್ಲಿ ಮಾತ್ರ ಅವರು ತಮ್ಮ ವೃತ್ತಿಧರ್ಮಕ್ಕೆ ತಪ್ಪಿದ್ದಾರೆ ಎಂದು ಅಕ್ಕನೇ ಹೇಳುತ್ತಾಳೆ!

ವೃತ್ತಿ ಎಂದರೆ ಡೇಟಾ ಸೆಂಟರ್‌ಗಳಿಗೆ ನೆಟ್‌ವರ್ಕ್ ಯೋಜನೆ ಹಾಕುವುದು. ಮಧುಗಿರಿ ಬೆಟ್ಟ ಕಾಣುವ ಕೋಣೆಯಲ್ಲಿ ಕೂತು, ಎಲ್ಲೋ ಇರುವ ಗೋದಾಮಿನಂಥ ಕಟ್ಟಡದೊಳಗೆ ಸಾವಿರಾರು ಕಂಪ್ಯೂಟರ್‌ಗಳು ಒಂದಕ್ಕೊಂದು ಹೇಗೆ ಮಾತಾಡಬೇಕೆಂದು ಗೀಟು ಎಳೆಯುತ್ತಾರೆ. ಎಲ್ಲವನ್ನೂ ಬಿಡಿಬಿಡಿಯಾಗಿ ಕಟ್ಟಬೇಕು, ಬೇಕೆಂದಾಗ ಇನ್ನೊಂದು ತುಂಡು ಜೋಡಿಸಬೇಕು. ಪ್ರತಿ ತಂತಿಗೂ ಬದಲಿ ತಂತಿ ಇರಬೇಕು. ಇಷ್ಟೇ ಅವರ ಶಾಸ್ತ್ರ. ಅಲ್ಲಿ ಒಂದು ಕಂಪ್ಯೂಟರ್ ಹತ್ತು ಕಂಪ್ಯೂಟರ್‌ಗಳಂತೆ ನಟಿಸುತ್ತದಂತೆ.

“ಅಂಗೇ ನಮ್ಮ ಬಚ್ಚಲಿಗೂ ನಟಿಸಕ್ಕೆ ಹೇಳ್ರಿ, ನೆಂಟ್ರು ಬಂದಾಗ ಸಾಲು ನಿಲ್ಲೋದು ತಪ್ಪತ್ತೆ” ಎಂದಿದ್ದಳು ಅಕ್ಕ.

ಇದು ಕೋಣೆಯಲ್ಲೇ ಉಳಿದಿದ್ದರೆ ನಾನೇಕೆ ಬರೆಯುತ್ತಿದ್ದೆ? ಆ ಮನೆಯಲ್ಲಿ ಸೋಫಾ ಇಲ್ಲ. ಜನ ಬಂದಂತೆ ಜೋಡಿಸುವ ಸ್ಟೂಲುಗಳಿವೆ. ಪಂಚಾಂಗವೂ ಎರಡು. ಏಕಾದಶಿ ಯಾವತ್ತೆಂದು ಅವೆರಡೂ ಜಗಳವಾಡಿದಾಗ ಅಕ್ಕ ಎರಡೂ ದಿನ ಉಪವಾಸ ಮಾಡಿಸಿದಳು, ಭಾವನಿಗೆ ಮಾತ್ರ!

ಹೋದ ವರ್ಷ ಅವರ ಮಗಳನ್ನು ನೋಡಲು ಶಿರಾದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಪಶುವೈದ್ಯ. ಹುಡುಗ, ಹುಡುಗಿ ಮೊದಲೇ ಒಪ್ಪಿಕೊಂಡಿದ್ದರು. ಹಿರಿಯರು ಹೂಂ ಅನ್ನಬೇಕಿತ್ತು.

“ಅಪ್ಪಾ, ಕೈ ಮುಗೀತೀನಿ, ಇವತ್ತೊಂದಿನ ಬ್ಯಾರೆ ಅಪ್ಪಂದಿರ ಥರ ಇದ್ಬುಡು” ಎಂದು ಮಗಳು ಅಂಗಲಾಚಿದಳು.

ಭಾವ ಒಪ್ಪಿದರು. ಒಪ್ಪಿದವರೇ ಶಿರಾಕ್ಕೆ ಎರಡು ಕಾರು ಕಳಿಸಿದರು. ಎರಡು ದಾರಿಯಲ್ಲಿ! ಹುಡುಗ ಮತ್ತು ಅವನ ಅಜ್ಜಿ ನೇರ ದಾರಿಯಲ್ಲಿ ಬೇಗ ಬಂದರು. ಅಪ್ಪ, ಅಮ್ಮ ತುಮಕೂರು, ಕೊರಟಗೆರೆ ಸುತ್ತಿಕೊಂಡು ಬಂದರು. ಅವರ ಜೊತೆಗೇ ರಾಹುಕಾಲವೂ ಬಂತು.

“ಯಾಕ್ ಸ್ವಾಮಿ, ನಮ್ಮನ್ನ ಈ ಪಾಟಿ ಸುತ್ತಾಕ್ಸಿದ್ರಿ?” ಎಂದರು ಹುಡುಗನ ತಂದೆ.

“ಒಂದು ರಸ್ತೆ ಬಂದ್ ಆಗಿದ್ರೂ ಅರ್ಧ ಜನ ಬಂದಿರ್ತಿದ್ರಲ್ಲಾ ಸಾರ್!” ಎಂದರು ಭಾವ, ಹೆಮ್ಮೆಯಿಂದ.

ಆಮೇಲೆ ಅವರೆಕಾಳಿನ ಉಪ್ಪಿಟ್ಟು ಬಂತು. ಉಪ್ಪು ಮರೆಯಬಾರದೆಂದು ಭಾವ ಆ ಹೊಣೆಯನ್ನು ಅಕ್ಕನಿಗೆ ಕೊಟ್ಟಿದ್ದರು. ಅವಳಿಗೆ ಹೇಳದೆ ನನ್ನ ಹೆಂಡತಿಗೂ ಕೊಟ್ಟಿದ್ದರು. ಇಬ್ಬರೂ ಹೊಣೆ ಅರಿತವರು. ಅಜ್ಜಿ ಒಂದು ತುತ್ತು ಬಾಯಿಗಿಟ್ಟವರೇ ನೀರಿನ ಲೋಟ ಖಾಲಿ ಮಾಡಿದರು. ಪಕ್ಕದಲ್ಲಿ ಬದಲಿ ಲೋಟ ಸಿದ್ಧವಿತ್ತು, ಅದನ್ನೂ!

“ಮೊದಲನೇದು ಕೆಟ್ಟಾಗ ಮಾತ್ರ ಎರಡನೇದು ಕೆಲಸ ಮಾಡ್ಬೇಕು” ಎಂದು ಭಾವ ಪಿಸುಗುಟ್ಟಿದರು.

“ಅದ್ನ ಉಪ್ಪಿಗೆ ಹೇಳಿದ್ರಾ?” ಎಂದಳು ಅಕ್ಕ.

ಹುಡುಗನ ತಂದೆ ತಟ್ಟೆ ಕೆಳಗಿಟ್ಟು ಎದ್ದರು. “ಊರಿಗೆ ಹೋಗಿ ತಿಳಿಸ್ತೀವಿ.” ಈ ಮಾತಿನ ಅರ್ಥ ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ತಿಳಿಸುವುದಿಲ್ಲ ಎಂದು. ಹುಡುಗಿಯ ಮುಖ ಬಾಡಿತು. ಹುಡುಗ ಕೂತಲ್ಲಿಂದ ಏಳಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಆ ಹಿರಿಯರು ಕೊಂಚ ಕೊಂಕಾಗಿಯೇ ಕೇಳಿದರು: “ಎಲ್ಲಾನೂ ಎರಡೆರಡು ಮಡಗಿದ್ದೀರಲ್ಲಾ, ಮಗಳು ಮಾತ್ರ ಯಾಕೆ ಒಬ್ಳೇ?”

ಭಾವನ ಹತ್ತಿರ ಪ್ರತಿ ಪ್ರಶ್ನೆಗೂ ಎರಡು ಉತ್ತರ ಇರುತ್ತವೆ. ಈ ಸಲ ಒಂದೇ ಇತ್ತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

“ಅವಳಿಗೆ ಬದಲಿ ಇಲ್ಲ ಸ್ವಾಮಿ. ಇರೋಳು ಅವಳೊಬ್ಳೇ. ಆ ಭಯಕ್ಕೇ ಮಿಕ್ಕಿದ್ದೆಲ್ಲಾನೂ ಎರಡೆರಡು ಮಾಡ್ಕಂಡು ಕೂತಿವ್ನಿ.”

ಹುಡುಗನ ತಂದೆ ಚಪ್ಪಲಿ ಕಳಚಿ ಮತ್ತೆ ಒಳಗೆ ಬಂದರು. ಭಾವನ ಪಕ್ಕದಲ್ಲಿ ಕೂತು, ಹುಡುಗಿಯ ಕಡೆ ತಿರುಗಿದರು.

“ತಾಂಬೂಲದ ತಟ್ಟೆ ತಗಂಬಾ ಕಣಮ್ಮ. ನಿಧಾನಕ್ಕೆ ಬಾ, ನಿಮ್ಮಪ್ಪ ಎದ್ರುಕಂಡವ್ರೆ.”